ಬುಕಿಂಗ್ ಇಲ್ಲದೆ ಇಟಲಿಯ ಕಡಲೂರಿಗೆ: ಎಲ್ಲಿ ರೂಮು ಸಿಗುತ್ತದೆ, ಎಲ್ಲಿ ಪರದಾಟ

ಇಟಲಿಯ ಕಡಲ ತೀರಕ್ಕೆ ರೂಮು ಬುಕ್ ಮಾಡದೆ ಹೋಗಬಹುದಾ ಎಂದು ಹೋಗಿ ಬಂದವರನ್ನು ಕೇಳಿ ನೋಡಿ. ಎರಡು ಥರದ ಉತ್ತರ ಬರುತ್ತದೆ. ಕೆಲವರು ‘ಆರು ತಿಂಗಳು ಮುಂಚೆ ಬುಕ್ ಮಾಡದಿದ್ದರೆ ಬೀದಿಯಲ್ಲೇ ಗತಿ’ ಎನ್ನುತ್ತಾರೆ. ಇನ್ನು ಕೆಲವರು ‘ಅಯ್ಯೋ, ಸುಮ್ನೆ ಹೋಗಿ, ಏನಾದರೂ ಸಿಕ್ಕೇ ಸಿಗುತ್ತೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಹೋದ ಊರು ಬೇರೆ, ಹೋದ ತಿಂಗಳು ಬೇರೆ, ಅಷ್ಟೇ.

ಊರು ಆರಿಸುವಾಗ ನಾನು ಮೊದಲು ನೋಡುವುದು ಒಂದನ್ನೇ. ಬಾಗಿಲು ತಟ್ಟಿದಾಗ ‘ಕೊಂಪ್ಲೆತೊ’, ಅಂದರೆ ಭರ್ತಿ, ಎಂಬ ಉತ್ತರ ಬಂದರೆ ಮುಂದಿನ ಊರು ಎಷ್ಟು ದೂರ? ರೈಲಿನಲ್ಲಿ ಐದು ನಿಮಿಷವಾದರೆ ಸ್ವಲ್ಪ ಕಿರಿಕಿರಿ, ಮುಂದೆ ನಡೆಯಬಹುದು. ಬೆಟ್ಟದ ಅಂಚಿನ ಒಂದೇ ರಸ್ತೆ, ಅದರ ಮೇಲೆ ತುಂಬಿ ತುಳುಕುವ ಬಸ್ಸು ಅಂದರೆ ಆ ದಿನ ಹಾಳಾದ ಹಾಗೇ. ಸಂಜೆಯ ದೋಣಿ ಹೋಗಿಬಿಟ್ಟರೆ ನಾಳೆ ಬೆಳಿಗ್ಗೆಯೇ ಎನ್ನುವ ಕಡೆ ಬುಕ್ ಮಾಡದೆ ಕಾಲಿಡಬೇಡಿ. ಸಮುದ್ರ ಎಷ್ಟು ಚೆನ್ನಾಗಿದೆ, ಫೋಟೊ ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದೆಲ್ಲ ಆಮೇಲಿನ ಮಾತು.

ಊರಿಂದ ಹೊರಡುವವರಿಗೆ ಮೊದಲೇ ಒಂದು ವಿಷಯ. ಭಾರತದಲ್ಲಿ ಷೆಂಗೆನ್ ವೀಸಾಗೆ, ಅಂದರೆ ಇಟಲಿಯೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾಗೆ, ಅರ್ಜಿ ಹಾಕುವಾಗ ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ದಾಖಲೆ ಕೊಡಲೇಬೇಕು. ವಿಮಾನ ನಿಲ್ದಾಣದಲ್ಲಿ ಇಳಿದಾಗಲೂ ಅಧಿಕಾರಿ ಅದನ್ನೇ ಕೇಳಬಹುದು. ಹಾಗಾಗಿ ಇಡೀ ಪ್ರವಾಸವನ್ನು ‘ಹೋದಲ್ಲಿ ನೋಡೋಣ’ ಎಂದು ಮಾಡುವ ಸ್ವಾತಂತ್ರ್ಯ ಇಲ್ಲಿಂದ ಹೊರಟವರಿಗೆ ಇಲ್ಲ. ಅವರು ಪಕ್ಕದ ದೊಡ್ಡ ಊರಲ್ಲಿ ನಿಜವಾದ ಬುಕಿಂಗ್ ಮಾಡಿ, ಅದನ್ನೇ ನೆಲೆ ಮಾಡಿಕೊಂಡು ಹಗಲು ಸುತ್ತಾಡುವುದು ಒಳ್ಳೆಯದು. ಸಣ್ಣ ಊರು ಇಷ್ಟವಾಗಿ, ರೂಮೂ ಕಣ್ಣಿಗೆ ಬಿದ್ದರೆ ಒಂದು ರಾತ್ರಿ ಅಲ್ಲಿ ಉಳಿಯಬಹುದು. ಮ್ಯೂನಿಕ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಕೆಲಸದಲ್ಲಿದ್ದು, ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಇರುವವರಿಗೆ ಈ ತಾಪತ್ರಯವಿಲ್ಲ. ಶುಕ್ರವಾರ ಸಂಜೆ ಪೀಸಾಕ್ಕೋ ನೇಪಲ್ಸ್‌ಗೋ ಅಗ್ಗದ ವಿಮಾನ ಕಂಡರೆ ಚೀಲ ಹೆಗಲಿಗೇರಿಸಿ ಹೊರಡುವವರು ಹೆಚ್ಚಾಗಿ ಇವರೇ, ಅಲ್ವಾ?

ಚಿಂಕ್ವೆ ತೆರ್ರೆ: ಇಲ್ಲಿ ಇಲ್ಲದಿದ್ದರೆ ಮುಂದಿನ ಸ್ಟೇಷನ್

ಇಟಲಿಯ ವಾಯವ್ಯದ ಲಿಗೂರಿಯಾ ಕರಾವಳಿಯ ಐದು ಪುಟ್ಟ ಊರುಗಳು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲ್ಯಾ, ಮನರೋಲಾ, ರಿಯೊಮಜ್ಜೋರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಹೆಸರು ಜಗತ್ತಿಗೆಲ್ಲ ಗೊತ್ತು, ಊರುಗಳು ಮಾತ್ರ ಒಂದು ಕೈಬೆರಳಿನಲ್ಲಿ ತೋರಿಸುವಷ್ಟು ಚಿಕ್ಕವು. ಬೇಸಿಗೆಯಲ್ಲಿ ಜನ ಕಿಕ್ಕಿರಿದಿರುತ್ತಾರೆ. ಆದರೂ ಬುಕಿಂಗ್ ಇಲ್ಲದವರಿಗೆ ಇಡೀ ಇಟಲಿಯಲ್ಲಿ ಹೆಚ್ಚು ಅನುಕೂಲವಾದ ಪ್ರಸಿದ್ಧ ಕಡಲ ತೀರ ಇದೇ ಎಂಬುದು ನನ್ನ ಅಭಿಪ್ರಾಯ. ಕಾರಣ ರೈಲು. ಲಾ ಸ್ಪೆತ್ಸಿಯಾ ಮತ್ತು ಲೆವಾಂತೊ ನಡುವೆ ಓಡುವ ರೈಲು ಐದೂ ಊರಲ್ಲಿ ನಿಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಮೂರ್ನಾಲ್ಕು ನಿಮಿಷ. ಹೆಚ್ಚು ದಾರಿ ಸುರಂಗದೊಳಗೇ. ಸೀಸನ್‌ನಲ್ಲಿ ಗಂಟೆಗೆ ಹಲವು ರೈಲುಗಳಿವೆ.

ಇಲ್ಲಿ ದೊಡ್ಡ ಹೋಟೆಲ್ ಹುಡುಕಬೇಡಿ. ಹೆಚ್ಚಿನವು ‘ಅಫಿತ್ತಾಕಾಮೆರೆ’, ಅಂದರೆ ಮನೆಯವರು ಬಾಡಿಗೆಗೆ ಕೊಡುವ ರೂಮುಗಳು. ಬೀದಿ ಬಾಗಿಲ ಪಕ್ಕ ‘ಕಾಮೆರೆ’ ಎಂಬ ಸಣ್ಣ ಬೋರ್ಡು, ಕೆಳಗೊಂದು ಮೊಬೈಲ್ ನಂಬರು. ಹಳೆಯ ಬೋರ್ಡಾದರೆ ಜರ್ಮನ್ನರಿಗಾಗಿ ‘ತ್ಸಿಮ್ಮರ್’ ಎಂದೂ ಬರೆದಿರುತ್ತದೆ. ರಿಸೆಪ್ಷನ್ ಇರುವುದಿಲ್ಲ. ಗಂಟೆ ಒತ್ತಿದರೆ ಯಾರೂ ಬಾಗಿಲು ತೆಗೆಯದಿರುವ ಸಂಭವವೇ ಜಾಸ್ತಿ. ಆ ನಂಬರಿಗೆ ಫೋನ್ ಮಾಡಬೇಕು. ಇಲ್ಲವೇ ಕೆಳಗಿನ ಕಾಫಿ ಬಾರ್‌ನಲ್ಲಿ ಕೇಳಬೇಕು. ಒಂದು ಎಸ್ಪ್ರೆಸೊ ಕುಡಿದು ಕೇಳಿದರೆ ಕೌಂಟರಿನಲ್ಲಿರುವವರು ಒಳಗೆ ಯಾರನ್ನೋ ಕೂಗುತ್ತಾರೆ, ಇಲ್ಲ ತಾವೇ ಫೋನ್ ತೆಗೆಯುತ್ತಾರೆ. ಹತ್ತು ನಿಮಿಷದಲ್ಲಿ ಕೀಗೊಂಚಲು ಹಿಡಿದು ಯಾರೋ ಬರುತ್ತಾರೆ. ಅವರ ಹಿಂದೆ ಮೆಟ್ಟಿಲು ಹತ್ತಬೇಕು. ಮೊಣಕೈ ಎರಡೂ ಗೋಡೆಗೆ ತಾಗುವಷ್ಟು ಇಕ್ಕಟ್ಟು, ಕಪ್ಪು ಕಲ್ಲಿನ ಎತ್ತರದ ಮೆಟ್ಟಿಲು, ಮೂರು ಅಂತಸ್ತು, ಲಿಫ್ಟ್ ಇಲ್ಲ. ಮೇಲೆ ಹೋಗಿ ಹಸಿರು ಕಿಟಕಿ ತೆಗೆದರೆ ಕಾಣುವುದು ಎದುರು ಮನೆಯ ಒಣಗಲು ಹಾಕಿದ ಬಟ್ಟೆ. ಸಮುದ್ರ ಕಾಣುವ ರೂಮಿಗೆ ರೇಟು ಬೇರೆ, ಅದು ಕೊನೆ ಗಳಿಗೆಯಲ್ಲಿ ಖಾಲಿ ಇರುವುದೂ ಅಪರೂಪ. ನನಗೆ ಕೇಳಿದರೆ ಬಟ್ಟೆ ಕಾಣುವ ರೂಮೇ ಸಾಕು. ಸಮುದ್ರ ಹೊರಗೆ ಬಿಟ್ಟಿಯಾಗಿ ಕಾಣುತ್ತದೆ.

ಐದರಲ್ಲಿ ಯಾವುದು? ಮೊದಲು ಮೊಂತೆರೊಸ್ಸೊ ಪ್ರಯತ್ನಿಸಿ. ಹೋಟೆಲುಗಳು ಸ್ವಲ್ಪವಾದರೂ ಇರುವುದು ಇಲ್ಲೇ, ಉದ್ದನೆಯ ಮರಳಿನ ಬೀಚ್ ಇರುವುದೂ ಇಲ್ಲೇ. ಸ್ಟೇಷನ್ ಇರುವ ಫೆಜಿನಾ ಎಂಬ ಹೊಸ ಭಾಗ ಸಮತಟ್ಟು, ಸೂಟ್‌ಕೇಸ್ ಎಳೆದುಕೊಂಡೇ ನಾಲ್ಕು ಕಡೆ ವಿಚಾರಿಸಬಹುದು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಬೇರೆ ಊರಿನ ಯೋಚನೆಯೇ ಬೇಡ. ಎರಡನೆಯದು ರಿಯೊಮಜ್ಜೋರೆ. ಅದರ ಮುಖ್ಯ ಬೀದಿ ವಿಯಾ ಕೊಲೊಂಬೊ. ಹಲವು ಮನೆಗಳ ರೂಮುಗಳನ್ನು ಒಟ್ಟಿಗೆ ನೋಡಿಕೊಳ್ಳುವ ಏಜೆನ್ಸಿಗಳು ಅಲ್ಲಿ ಸಿಗುತ್ತವೆ. ಒಂದು ಕಡೆ ಕೇಳಿದರೆ ಹತ್ತು ಮನೆ ಕೇಳಿದ ಹಾಗೆ.

ವೆರ್ನಾತ್ಸಾ ಐದರಲ್ಲೂ ಚೆಲುವೆ. ಅದಕ್ಕೇ ಕಷ್ಟ. ಪುಟ್ಟ ಬಂದರಿನ ಸುತ್ತ ಇರುವ ಮನೆಗಳೇ ಎಷ್ಟು, ಅದರಲ್ಲಿ ಬಾಡಿಗೆ ರೂಮುಗಳೆಷ್ಟು! 2011ರ ಅಕ್ಟೋಬರ್ 25ರ ಪ್ರವಾಹದಲ್ಲಿ ಮುಖ್ಯ ಬೀದಿ ಮಣ್ಣು ಕಲ್ಲುಗಳಲ್ಲಿ ಹೂತುಹೋಗಿತ್ತು. ಈಗ ಅದೇ ಬೀದಿಯಲ್ಲಿ ಮಧ್ಯಾಹ್ನ ಕಾಲಿಡಲು ಜಾಗವಿಲ್ಲ. ಮನರೋಲಾದ ಕಥೆಯೂ ಹೆಚ್ಚು ಕಡಿಮೆ ಇದೇ.

ಕೊರ್ನಿಲ್ಯಾ ಬೇರೆ ಥರ. ಅದು ಬಂಡೆಯ ತಲೆಯ ಮೇಲಿದೆ, ಸ್ಟೇಷನ್ ಕೆಳಗಿದೆ. ನಡುವೆ ‘ಲಾರ್ದಾರಿನಾ’ ಎಂಬ ಇಟ್ಟಿಗೆ ಮೆಟ್ಟಿಲು, ಸುಮಾರು 380. ಸಣ್ಣ ಬಸ್ಸೊಂದು ಓಡಾಡುತ್ತದೆ, ಆದರೆ ರೈಲಿನಿಂದ ಇಳಿದವರೆಲ್ಲ ಅದಕ್ಕೇ ಮುಗಿಬೀಳುತ್ತಾರೆ. ಮೆಟ್ಟಿಲಿಗೆ ಹೆದರಿ ಜನ ಬರುವುದು ಕಡಿಮೆ, ಹಾಗಾಗಿ ಉಳಿದ ಕಡೆ ಭರ್ತಿಯಾದ ದಿನ ಇಲ್ಲೊಂದು ರೂಮು ಸಿಕ್ಕಿಬಿಡುವುದುಂಟು. ಹತ್ತಿ ಹೋಗಿ ‘ಇಲ್ಲ’ ಅನ್ನಿಸಿಕೊಂಡು ಇಳಿಯುವುದು ಯಾರಿಗೆ ಬೇಕು? ಕೆಳಗಿನಿಂದಲೇ ಫೋನ್ ಮಾಡಿ, ಆಮೇಲೆ ಹತ್ತಿ.

ಐದೂ ಕಡೆ ಸಿಗಲಿಲ್ಲ ಅಂದುಕೊಳ್ಳೋಣ. ಎರಡು ತುದಿಯಲ್ಲೂ ದಾರಿಯಿದೆ. ಮೊಂತೆರೊಸ್ಸೊದಿಂದ ಐದೇ ನಿಮಿಷಕ್ಕೆ ಲೆವಾಂತೊ. ಅಲ್ಲಿ ದೊಡ್ಡ ಬೀಚ್, ಸಾಕಷ್ಟು ಹೋಟೆಲು, ಟೆಂಟ್ ಹಾಕುವವರಿಗೆ ಕ್ಯಾಂಪಿಂಗ್ ಜಾಗಗಳೂ ಇವೆ. ರಿಯೊಮಜ್ಜೋರೆ ಕಡೆಯಿಂದ ಹತ್ತು ನಿಮಿಷದೊಳಗೆ ಲಾ ಸ್ಪೆತ್ಸಿಯಾ. ಇದು ನೌಕಾಪಡೆಯ ಊರು, ಕೆಲಸದ ಊರು. ನೋಡಲು ಅಂಥ ಚಂದವೇನಲ್ಲ. ಆದರೆ ಸ್ಟೇಷನ್ ಸುತ್ತ ನಡೆದು ಹೋಗುವಷ್ಟು ದೂರದಲ್ಲೇ ಎಲ್ಲ ದರದ ರೂಮುಗಳಿವೆ. ಊಟವೂ ಅಗ್ಗ. ಕಡಲೆಹಿಟ್ಟಿನ ‘ಫರಿನಾತಾ’ ಬಿಸಿಬಿಸಿ ತಿಂದು ಮಲಗಬಹುದು, ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ.

ಒಂದು ಎಚ್ಚರಿಕೆ: ರೂಮು ಹುಡುಕುತ್ತಾ ಊರಿಂದೂರಿಗೆ ಹಾರುವುದು ಈಗ ಬಿಟ್ಟಿ ಆಟವಲ್ಲ. 2024ರಿಂದ ಸೀಸನ್‌ನಲ್ಲಿ ಒಂದೇ ಸ್ಟೇಷನ್ ದಾಟಿದರೂ ಟಿಕೆಟ್ 5 ಯೂರೊ, ಜನ ಜಾಸ್ತಿ ಇರುವ ದಿನಗಳಲ್ಲಿ 8ರಿಂದ 10 ಯೂರೊವರೆಗೆ. ಮೂರು ಊರು ನೋಡುವ ಅಂದಾಜಿದ್ದರೆ ದಿನವಿಡೀ ಓಡಾಡಬಹುದಾದ ‘ಚಿಂಕ್ವೆ ತೆರ್ರೆ ತ್ರೆನೊ ಕಾರ್ಡ್’ ಕೊಳ್ಳಿ. ಲಗೇಜನ್ನು ಲಾ ಸ್ಪೆತ್ಸಿಯಾದಲ್ಲೇ ಇಟ್ಟು ಹೋದರೆ ಇನ್ನೂ ಹಗುರ.

ಇದೇ ರೈಲು ದಾರಿಯಲ್ಲಿ ಜೆನೋವಾ ಕಡೆ ಹೋದರೆ ಪೊರ್ತೊಫಿನೊದ ಸುತ್ತಮುತ್ತಲ ಊರುಗಳು. ಪೊರ್ತೊಫಿನೊದಲ್ಲಿ ಬಾಗಿಲು ತಟ್ಟಿ ರೇಟು ಕೇಳುವ ಯೋಚನೆ ಬಿಡಿ, ಅದು ಶ್ರೀಮಂತರ ದೋಣಿ ನಿಲ್ಲುವ ಜಾಗ. ರೈಲೂ ಅಲ್ಲಿಗೆ ಹೋಗುವುದಿಲ್ಲ. ಐದು ಕಿಲೋಮೀಟರ್ ಈಚೆಗಿನ ಸಾಂತಾ ಮಾರ್ಗೆರಿತಾದಲ್ಲಿ ಇಳಿಯಿರಿ. ಅಲ್ಲಿ ಇಲ್ಲದಿದ್ದರೆ ಪಕ್ಕದ ರಪಾಲೊ, ಅಲ್ಲೂ ಇಲ್ಲದಿದ್ದರೆ ಕಿಯಾವರಿ, ಸೆಸ್ತ್ರಿ ಲೆವಾಂತೆ. ಇವೆಲ್ಲ ಇಟಲಿಯವರೇ ರಜೆಗೆ ಬರುವ ಹಳೆಯ ಊರುಗಳು, ಹೋಟೆಲು ಕಟ್ಟಿಕೊಂಡೇ ಬೆಳೆದವು. ಸೆಸ್ತ್ರಿ ಲೆವಾಂತೆಯ ಎರಡು ಕೊಲ್ಲಿಗಳನ್ನು ನೋಡಿದ ಮೇಲೆ ಚಿಂಕ್ವೆ ತೆರ್ರೆಯಲ್ಲೇ ರಾತ್ರಿ ಕಳೆಯಬೇಕೆಂಬ ಹಟ ಎಷ್ಟೋ ಜನರಿಗೆ ಕರಗುತ್ತದೆ.

ಅಮಾಲ್ಫಿ: ಒಂದೇ ರಸ್ತೆಯ ತೀರ

ನೇಪಲ್ಸ್‌ನ ದಕ್ಷಿಣಕ್ಕಿರುವ ಅಮಾಲ್ಫಿ ಕರಾವಳಿಯೂ 1997ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಚಂದಕ್ಕೆ ಹೋಲಿಸಿದರೆ ಗೆಲ್ಲುವುದು ಇದೇ ಇರಬಹುದು. ಬುಕಿಂಗ್ ಇಲ್ಲದವರಿಗೆ ಮಾತ್ರ ಇದು ಕಷ್ಟದ ಜಾಗ. ರೈಲು ಇರುವುದು ಎರಡು ತುದಿಯ ಸೊರೆಂತೊ ಮತ್ತು ಸಲೆರ್ನೊಗಳಿಗೆ, ಹೆಚ್ಚೆಂದರೆ ಸಲೆರ್ನೊ ಪಕ್ಕದ ವಿಯೆತ್ರಿಗೆ. ನಡುವಿನ ಊರುಗಳಿಗೆಲ್ಲ ಬಂಡೆ ಕೊರೆದು ಮಾಡಿದ ಎಸ್‌ಎಸ್ 163 ರಸ್ತೆಯೇ ಗತಿ, ಇಲ್ಲವೇ ದೋಣಿ. ‘ಸೀತಾ’ ಎಂಬ ಕಂಪನಿಯ ಬಸ್ಸು ಓಡುತ್ತದೆ. ಟಿಕೆಟನ್ನು ಬೀಡಿ ಸಿಗರೇಟು ಮಾರುವ ‘ತಬಾಕಿ’ ಅಂಗಡಿಯಲ್ಲಿ ಮೊದಲೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಜುಲೈ ತಿಂಗಳ ಮಧ್ಯಾಹ್ನ ನಡುದಾರಿಯ ಸ್ಟಾಪಿನಲ್ಲಿ ನಿಂತರೆ ಏನಾಗುತ್ತದೆ ಅಂದರೆ, ಬಸ್ಸು ಬರುತ್ತದೆ, ಒಳಗೆ ಕಾಲಿಡಲು ಜಾಗವಿರುವುದಿಲ್ಲ, ಡ್ರೈವರು ಕೈಯಾಡಿಸಿ ಮುಂದೆ ಹೋಗುತ್ತಾನೆ. ಬಿಸಿಲಿಗೆ ನೆರಳಿಲ್ಲ. ಹಾಗಿರುವಾಗ ಪೊಸಿತಾನೊದಲ್ಲಿ ರೂಮಿಲ್ಲ ಎಂದು ಅಮಾಲ್ಫಿಗೆ, ಅಲ್ಲಿಲ್ಲ ಎಂದು ಮಯೋರಿಗೆ ಹೋಗುವುದು ಅರ್ಧ ದಿನದ ಕೆಲಸ.

ಪೊಸಿತಾನೊ ಬುಕಿಂಗ್ ಇಲ್ಲದವರಿಗಲ್ಲ. ಇಡೀ ಊರೇ ಮೆಟ್ಟಿಲು, ದರ ಆಕಾಶದಲ್ಲಿ, ಲಗೇಜ್ ಹೊತ್ತು ನಾಲ್ಕು ಬಾಗಿಲು ತಟ್ಟುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಗಲು ನೋಡಿ ಬನ್ನಿ. ಅಮಾಲ್ಫಿ ಊರು ಪರವಾಗಿಲ್ಲ. ಬಸ್ಸು, ದೋಣಿ ಎರಡೂ ಸೇರುವ ಜಾಗವಾದ್ದರಿಂದ ಸಿಗದಿದ್ದರೂ ಹೊರಬೀಳಲು ದಾರಿಯಿದೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಅತ್ರಾನಿ. ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಪುರಸಭೆ, ಒಟ್ಟು 0.12 ಚದರ ಕಿಲೋಮೀಟರ್. ಒಂದು ಚೌಕ, ಒಂದು ಬೀಚ್, ಮೇಲೆ ರಸ್ತೆಯ ಕಮಾನು. ಅಮಾಲ್ಫಿಯಲ್ಲಿ ವಿಚಾರಿಸುವವರು ಅತ್ರಾನಿಯನ್ನೂ ಸೇರಿಸಿಕೊಂಡೇ ವಿಚಾರಿಸಿ.

ನಿಜವಾಗಿ ಸಿಗುವ ಸಾಧ್ಯತೆ ಇರುವುದು ಮಯೋರಿಯಲ್ಲಿ. 1954ರ ಅಕ್ಟೋಬರಿನ ಪ್ರವಾಹ ಈ ಊರನ್ನು ಕೊಚ್ಚಿಹಾಕಿತ್ತು. ಆಮೇಲೆ ಕಟ್ಟಿದ್ದರಿಂದ ಬೀದಿಗಳು ಅಗಲ, ಕಟ್ಟಡಗಳು ಸಾದಾ. ಈ ತೀರದ ಅತಿ ಉದ್ದದ ಬೀಚ್ ಇಲ್ಲಿಯದೇ, ಅದರ ಎದುರು ಸಾಲಾಗಿ ಮಧ್ಯಮ ದರ್ಜೆಯ ಹೋಟೆಲುಗಳು. ಪೋಸ್ಟ್‌ಕಾರ್ಡಿನಲ್ಲಿ ಬರುವ ಊರಲ್ಲ ಎಂದು ವಿದೇಶಿಯರು ದಾಟಿ ಹೋಗುತ್ತಾರೆ. ನಮಗೆ ಅದೇ ಲಾಭ. ಇನ್ನೊಂದು ಬೆಟ್ಟದ ಮೇಲಿನ ಅಜೆರೋಲಾ. ಸಮುದ್ರಕ್ಕಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರ, ತಂಪು, ಹಾಲು ಚೀಸಿನ ಊರು, ದರ ಕೆಳಗಿನದಕ್ಕಿಂತ ಕಡಿಮೆ. ‘ದೇವತೆಗಳ ದಾರಿ’ ಎಂದು ಹೆಸರಾದ ಚಾರಣದ ಹಾದಿ ಅಲ್ಲಿನ ಬೊಮೆರಾನೊದಿಂದಲೇ ಶುರು. ನಡೆಯುವ ಹುಚ್ಚಿರುವವರು ಇಲ್ಲೇ ಉಳಿಯುವುದು ವಾಸಿ. ಬೀಚ್ ಬೇಕೇ ಬೇಕು ಎನ್ನುವವರಿಗೆ ಬೇಡ.

ಆದರೆ ನನ್ನನ್ನು ಕೇಳಿದರೆ ಸಲೆರ್ನೊದಲ್ಲಿ ಉಳಿದುಬಿಡಿ. ನೇಪಲ್ಸ್‌ನಿಂದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಜನ ವಾಸಿಸುವ ನಿಜವಾದ ಊರು, ಹಳೆಯ ಓಣಿಗಳು, ಉದ್ದನೆಯ ಕಡಲ ರಸ್ತೆ, ಸ್ಟೇಷನ್ನಿನಿಂದ ಕಾಲ್ನಡಿಗೆಯಲ್ಲಿ ರೂಮುಗಳು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ ದೋಣಿ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಅಮಾಲ್ಫಿ, ಇನ್ನೂ ಅಷ್ಟು ಹೊತ್ತಿಗೆ ಪೊಸಿತಾನೊ. ಆ ಬಂಡೆ, ಆ ಮನೆಗಳ ಸಾಲು ನೋಡಬೇಕಾದದ್ದೂ ನೀರಿನ ಮೇಲಿನಿಂದಲೇ. ಬಸ್ಸಿನ ಕಿಟಕಿಯಿಂದ ಕಾಣುವುದು ಎದುರಿನಿಂದ ಬರುವ ಇನ್ನೊಂದು ಬಸ್ಸು. ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ, ಅದೊಂದು ನೆನಪಿರಲಿ.

ದ್ವೀಪಗಳು, ದಕ್ಷಿಣ

ನೇಪಲ್ಸ್ ಕೊಲ್ಲಿಯ ದ್ವೀಪಗಳಲ್ಲಿ ಕಾಪ್ರಿಗೆ ಬುಕ್ ಮಾಡದೆ ರಾತ್ರಿ ಉಳಿಯಲು ಹೋಗಬೇಡಿ. ಸಂಜೆಯ ಕೊನೆಯ ದೋಣಿ ತಪ್ಪಿದರೆ ಸಿಕ್ಕಿದ ರೂಮಿಗೆ ಕೇಳಿದಷ್ಟು ಕೊಡಬೇಕು. ಪ್ರೊಚಿದಾ ಪುಟ್ಟದು, 2022ರಲ್ಲಿ ಇಟಲಿಯ ಸಾಂಸ್ಕೃತಿಕ ರಾಜಧಾನಿ ಎಂಬ ಪಟ್ಟ ಸಿಕ್ಕಿ ಹೆಸರು ಮಾಡಿತು, ರೂಮುಗಳು ಕಡಿಮೆ. ದ್ವೀಪವೇ ಬೇಕೆಂದರೆ ಇಸ್ಕಿಯಾ. ದೊಡ್ಡದು, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದದ್ದು, ಊರೂರಿಗೂ ಹೋಟೆಲುಗಳಿವೆ. ಆಗಸ್ಟ್ ಒಂದು ಬಿಟ್ಟರೆ ಏನಾದರೂ ಸಿಗುತ್ತದೆ.

ಇಟಲಿಯ ಆಗ್ನೇಯದ ಪುಲ್ಯಾ ಪ್ರಾಂತ್ಯದಲ್ಲಿ ಪೊಲಿನ್ಯಾನೊ ಆ ಮಾರೆ ಎಂಬ ಊರಿನ ಫೋಟೊ ನೋಡಿ ಹೋಗುವವರು ಜಾಸ್ತಿ. ಹಳೆಯ ಊರಿನೊಳಗೆ ರೂಮು ಸಿಗದಿದ್ದರೆ ಪಕ್ಕದ ಸ್ಟೇಷನ್ ಮೊನೊಪೊಲಿ ಅದಕ್ಕಿಂತ ದೊಡ್ಡದು. ಅದೂ ಬೇಡವೆಂದರೆ ಬಾರಿ ನಗರಕ್ಕೆ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಸಿಸಿಲಿಯ ಚೆಫಾಲೂಗೆ ಪಾಲೆರ್ಮೊ ಆಸರೆ, ರೈಲಿನಲ್ಲಿ ಗಂಟೆಯೊಳಗಿನ ದಾರಿ. ತಾವೊರ್ಮಿನಾ ಬೆಟ್ಟದ ಮೇಲೆ, ದುಬಾರಿ. ಕೆಳಗೆ ಬೀಚಿನ ಪಕ್ಕದ ಜಾರ್ದಿನಿ ನಾಕ್ಸೊಸ್‌ನಲ್ಲಿ ಉಳಿದು ಬಸ್ಸಿನಲ್ಲಿ ಮೇಲೆ ಹೋಗಿ ಬನ್ನಿ.

ಇನ್ನು ಬರೀ ಸಮುದ್ರ, ಮರಳು, ಖಚಿತವಾಗಿ ಒಂದು ರೂಮು ಸಾಕು ಎನ್ನುವವರಿಗೆ ಪೂರ್ವ ತೀರದ ರಿಮಿನಿ ಇದೆ. ಹಳ್ಳಿಯಂತೂ ಅಲ್ಲ, ಚೆಲುವೂ ಅಷ್ಟಕ್ಕಷ್ಟೇ. ಸಾವಿರಕ್ಕೂ ಹೆಚ್ಚು ಹೋಟೆಲುಗಳಿರುವ ಊರಿನಲ್ಲಿ ಯಾರೂ ಬೀದಿಯಲ್ಲಿ ಮಲಗುವುದಿಲ್ಲ.

ಯಾವಾಗ ಹೋಗಬಾರದು

ಆಗಸ್ಟ್ 15 ‘ಫೆರಾಗೊಸ್ತೊ’. ಅದರ ಹಿಂದು ಮುಂದಿನ ಎರಡು ವಾರ ಇಡೀ ಇಟಲಿ ಸಮುದ್ರದ ದಡದಲ್ಲಿರುತ್ತದೆ. ಮೇಲೆ ಹೇಳಿದ ಯಾವ ಲೆಕ್ಕವೂ ಆಗ ನಡೆಯುವುದಿಲ್ಲ. ಹಲವು ಕಡೆ ಮೂರು ರಾತ್ರಿಗಿಂತ ಕಡಿಮೆಗೆ, ಕೆಲವು ಕಡೆ ಒಂದು ವಾರಕ್ಕಿಂತ ಕಡಿಮೆಗೆ ರೂಮೇ ಕೊಡುವುದಿಲ್ಲ. ಈಸ್ಟರ್, ಏಪ್ರಿಲ್ 25, ಮೇ 1, ಜೂನ್ 2 ಇವೂ ರಜೆಗಳೇ. ವಾರಾಂತ್ಯಕ್ಕೆ ಅಂಟಿಕೊಂಡು ಬಂದರೆ ಇನ್ನೂ ಕಷ್ಟ. ಮೇ ತಿಂಗಳ ಸಾಧಾರಣ ವಾರ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಭಾಗ ಒಳ್ಳೆಯದು. ನವೆಂಬರ್ ಆದ ಮೇಲೆ ಬೇರೆ ಸಮಸ್ಯೆ, ಸಣ್ಣ ಊರುಗಳಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿರುತ್ತದೆ.

ವಾರದಲ್ಲಿ ಭಾನುವಾರದ ರಾತ್ರಿ ಸುಲಭ. ಮಿಲಾನ್, ನೇಪಲ್ಸ್‌ನಿಂದ ಬಂದವರೆಲ್ಲ ಸಂಜೆ ವಾಪಸ್ ಹೊರಡುತ್ತಾರೆ. ಶನಿವಾರ ಬೇಡವೇ ಬೇಡ. ದಿನದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಕೇಳಿ. ಹಿಂದಿನ ರಾತ್ರಿಯವರು ಖಾಲಿ ಮಾಡಿರುತ್ತಾರೆ, ಯಾವುದು ಉಳಿದಿದೆ ಎಂದು ಮನೆಯವರಿಗೆ ಆಗ ಗೊತ್ತಿರುತ್ತದೆ. ಮಧ್ಯಾಹ್ನ ಒಂದರ ಮೇಲೆ ಊಟ, ನಿದ್ದೆ. ಸಂಜೆ ಆರಕ್ಕೆ ಬಂದವರಿಗೆ ಉಳಿದದ್ದೇ ಪಂಚಾಮೃತ.

ಬಾಗಿಲ ಮುಂದೆ ನಿಂತಾಗ

‘ಬೊಂಜೋರ್ನೊ’ ಎನ್ನದೆ ಮಾತು ಶುರು ಮಾಡಬೇಡಿ, ಅಲ್ಲಿಯವರಿಗೆ ಅದು ಒರಟುತನ. ಆಮೇಲೆ ‘ಅವೇತೆ ಉನಾ ಕಾಮೆರಾ ಪೆರ್ ಸ್ತನೊತ್ತೆ?’, ಈ ರಾತ್ರಿಗೆ ರೂಮಿದೆಯಾ ಎಂದು. ಗಂಡ ಹೆಂಡತಿಗಾದರೆ ‘ಮಾತ್ರಿಮೊನಿಯಾಲೆ’, ದೊಡ್ಡ ಮಂಚದ ರೂಮು. ‘ಪೊಸ್ಸೊ ವೆದೇರ್ಲಾ?’ ಎಂದರೆ ನೋಡಬಹುದಾ ಎಂದು. ನೋಡಿಯೇ ಒಪ್ಪಿಕೊಳ್ಳಿ, ಬೇಡವೆನಿಸಿದರೆ ಥ್ಯಾಂಕ್ಸ್ ಹೇಳಿ ಇಳಿಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ರಾತ್ರಿಗೆ ಇಲ್ಲ ಎಂದವರು ಎರಡು ರಾತ್ರಿ ಎಂದರೆ ಹೂಂ ಎನ್ನುವುದುಂಟು. ಒಗೆಯುವುದು, ಶುಚಿ ಮಾಡುವುದು ಒಂದು ರಾತ್ರಿಗೂ ಎರಡು ರಾತ್ರಿಗೂ ಒಂದೇ ಖರ್ಚಲ್ಲವೇ?

ಫೋನಿನ ಆ್ಯಪ್‌ನಲ್ಲೂ ಒಂದು ಕಣ್ಣಿರಲಿ. ಆ ದಿನ ಬೆಳಿಗ್ಗೆ ಕ್ಯಾನ್ಸಲ್ ಆದ ರೂಮುಗಳು ಅಲ್ಲಿ ತಟ್ಟನೆ ಕಾಣಿಸಿಕೊಳ್ಳುತ್ತವೆ. ಅಲ್ಲಿ ಕಂಡ ಮನೆಗೆ ನೇರವಾಗಿ ಹೋಗಿ ಕೇಳಿದರೆ ಕಮಿಷನ್ ಉಳಿಯುವುದರಿಂದ ಸ್ವಲ್ಪ ಬಿಟ್ಟುಕೊಡುವವರೂ ಇದ್ದಾರೆ. ಪಟ್ಟು ಹಿಡಿದು ಚೌಕಾಸಿ ಮಾಡುವ ಜಾಗ ಮಾತ್ರ ಅದಲ್ಲ.

ಪಾಸ್‌ಪೋರ್ಟಿನ ಮೂಲಪ್ರತಿ ಜೊತೆಗಿರಲಿ. ಉಳಿದವರ ವಿವರವನ್ನು ಮನೆಯವರು ಪೊಲೀಸ್ ಇಲಾಖೆಗೆ ಕಳಿಸಬೇಕೆಂಬುದು ಅಲ್ಲಿನ ಕಾನೂನು. ಪಾಸ್‌ಪೋರ್ಟೇ ಕೇಳದೆ, ದುಡ್ಡು ಮಾತ್ರ ಕೇಳುವವರ ಮನೆಯಿಂದ ದೂರವಿರಿ. 2025ರ ಜನವರಿ 1ರಿಂದ ಇಂಥ ಪ್ರತಿ ಮನೆಗೂ ‘ಚಿನ್’ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ, ಅದನ್ನು ಹೊರಗೆ ಕಾಣುವಂತೆ ಹಾಕಿರಬೇಕು. ಸ್ಟೇಷನ್ನಿನಲ್ಲಿ ‘ರೂಮ್? ರೂಮ್?’ ಎಂದು ಹಿಂದೆ ಬರುವವರ ಜೊತೆ ಹೋಗುವ ಮುಂಚೆ ಬಾಗಿಲ ಬಳಿ ಆ ಸಂಖ್ಯೆ ಇದೆಯಾ ನೋಡಿ. ಹೇಳಿದ ದರದ ಮೇಲೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಪುರಸಭೆಯ ತೆರಿಗೆ ಬೇರೆ ಇರುತ್ತದೆ, ಊರಿಂದೂರಿಗೆ ವ್ಯತ್ಯಾಸ. ಅದನ್ನು ಹೆಚ್ಚಾಗಿ ನಗದಿನಲ್ಲೇ ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.

ಇಬ್ಬರು ಗಟ್ಟಿಮುಟ್ಟಾದವರು, ಬೆನ್ನಿಗೊಂದೊಂದು ಚೀಲ, ಮೇ ತಿಂಗಳ ಮಂಗಳವಾರ ಎಂದಾದರೆ ಚಿಂಕ್ವೆ ತೆರ್ರೆಗೆ ಬುಕ್ ಮಾಡದೆ ಧೈರ್ಯವಾಗಿ ಹೋಗಿ. ಪುಟ್ಟ ಮಕ್ಕಳು, ಎರಡು ದೊಡ್ಡ ಸೂಟ್‌ಕೇಸು, ರಾತ್ರಿ ವಿಮಾನ ಎಂದಾದರೆ ಎಲ್ಲಿಗೇ ಹೋದರೂ ಮೊದಲ ರಾತ್ರಿಯನ್ನಾದರೂ ಬುಕ್ ಮಾಡಿ.

ಸಂಜೆ ಏಳಾದರೂ ಏನೂ ಸಿಗಲಿಲ್ಲವೆಂದರೆ ಅದೇ ಊರಲ್ಲಿ ಇನ್ನೊಂದು ಬೀದಿ ಎಂದು ಸುತ್ತಬೇಡಿ. ಬೀಚಿನಲ್ಲಿ ಮಲಗುವ ಯೋಚನೆಯೂ ಬೇಡ, ಹಲವು ಊರುಗಳಲ್ಲಿ ಅದಕ್ಕೆ ದಂಡವಿದೆ. ಸಣ್ಣ ಸ್ಟೇಷನ್ನುಗಳಲ್ಲಿ ರಾತ್ರಿ ಕಳೆಯುವಂಥ ವ್ಯವಸ್ಥೆಯೂ ಇರುವುದಿಲ್ಲ. ಚಿಂಕ್ವೆ ತೆರ್ರೆಯಲ್ಲಿದ್ದರೆ ಲಾ ಸ್ಪೆತ್ಸಿಯಾದ ರೈಲು ಹತ್ತಿ, ಅಮಾಲ್ಫಿ ತೀರದಲ್ಲಿದ್ದರೆ ಸಲೆರ್ನೊದ ಬಸ್ಸು ಹಿಡಿಯಿರಿ. ಕೂತ ಮೇಲೆ ಫೋನ್ ತೆಗೆದು ಆ ಊರಿನ ಸ್ಟೇಷನ್ ಪಕ್ಕದ ರೂಮನ್ನು ದಾರಿಯಲ್ಲೇ ಬುಕ್ ಮಾಡಿ. ಎಷ್ಟು ಹೊತ್ತಿನವರೆಗೆ ಒಳಗೆ ಬಿಡುತ್ತಾರೆ ಎಂದು ಅಲ್ಲಿಗೊಂದು ಫೋನ್ ಮಾಡಿ ಕೇಳಿಕೊಳ್ಳಿ. ಬೆಳಗಿನ ತಿಂಡಿಯ ಜೊತೆ ರೂಮು ಕೊಡುವ ಸಣ್ಣ ಬಿ ಅಂಡ್ ಬಿಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಕೀ ಕೊಡಲು ಯಾರೂ ಇಲ್ಲದಿರಬಹುದು.